ಮೀನುತೊಟ್ಟಿಯ ಕರೆಂಟು ಲೆಕ್ಕ

ಶಿವಮೊಗ್ಗದಲ್ಲಾಗಲಿ ಭದ್ರಾವತಿಯಲ್ಲಾಗಲಿ ಬಣ್ಣದ ಮೀನು ಮಾರುವ ಅಂಗಡಿಯ ಮುಂದೆ ಹಾದುಹೋಗುವಾಗ ನಿಮ್ಮ ಕಾಲು ತಾನಾಗಿಯೇ ನಿಂತಿರಬೇಕು. ಗಾಜಿನ ತೊಟ್ಟಿ, ಒಳಗೆ ದೀಪ, ತಳದಿಂದ ಬುಳುಬುಳು ಏಳುವ ಗುಳ್ಳೆಗಳು, ನಡುವೆ ಬಾಲ ಬೀಸುತ್ತ ಓಡಾಡುವ ಚಿನ್ನದ ಮೀನು. ಮನೆಗೂ ಒಂದು ತರೋಣ ಎಂದು ಅಪ್ಪ ಅಮ್ಮನನ್ನು ಕಾಡಿರಲೂಬಹುದು. ಆಗ ದೊಡ್ಡವರು ಕೇಳುವ ಪ್ರಶ್ನೆ ಎರಡೇ: ತೊಟ್ಟಿಗೆ ಎಷ್ಟು? ಮೀನಿಗೆ ಎಷ್ಟು? ಇವೆರಡೂ ಒಮ್ಮೆ ಕೊಟ್ಟು ಮುಗಿಸುವ ದುಡ್ಡು. ಹಗಲೂ ರಾತ್ರಿ ನಿಲ್ಲದೆ ಓಡುವ ಪಂಪಿನ ಖರ್ಚನ್ನು ಯಾರೂ ಕೇಳುವುದಿಲ್ಲ. ಅದನ್ನು ಈ ಪಾಠದಲ್ಲಿ ನಾವೇ ಲೆಕ್ಕ ಹಾಕೋಣ. ಗುಣಾಕಾರ, ಭಾಗಾಕಾರ ಬಂದರೆ ಸಾಕು.

ತೊಟ್ಟಿಗೆ ಕರೆಂಟು ಏಕೆ?

ಶೃಂಗೇರಿಗೆ ಹೋದವರು ತುಂಗೆಯ ಮೆಟ್ಟಿಲ ಬಳಿ ಗುಂಪುಗುಂಪಾಗಿ ಬರುವ ದೊಡ್ಡ ಮೀನುಗಳನ್ನು ನೋಡಿರುತ್ತೀರಿ. ಅದೇ ತುಂಗೆಯಲ್ಲಿ ತೀರ್ಥಹಳ್ಳಿ ತಾಲ್ಲೂಕಿನ ಚಿಬ್ಬಲಗುಡ್ಡೆಯಲ್ಲಿಯೂ ಮತ್ಸ್ಯಧಾಮವಿದೆ. ಆ ಮೀನುಗಳಿಗೆ ಪಂಪು ಇಟ್ಟವರು ಯಾರು? ಯಾರೂ ಇಲ್ಲ. ನದಿ ಇಳಿಜಾರಿನಲ್ಲಿ ಹರಿಯುತ್ತದೆ, ಬಂಡೆಗೆ ಬಡಿದು ನೊರೆಯಾಗುತ್ತದೆ, ಮತ್ತೆ ಹರಿಯುತ್ತದೆ. ಹೀಗೆ ಕಲಕಿದಾಗಲೆಲ್ಲ ಗಾಳಿಯಲ್ಲಿರುವ ಆಮ್ಲಜನಕ ನೀರಿನಲ್ಲಿ ಕರಗುತ್ತದೆ. ಮೀನು ಹೊರಹಾಕಿದ ಕೊಳೆಯನ್ನು ಹೊಸ ನೀರು ಕೊಚ್ಚಿಕೊಂಡು ಹೋಗುತ್ತದೆ.

ತೊಟ್ಟಿಯಲ್ಲಿ ಇದಾವುದೂ ಇಲ್ಲ. ಅಲ್ಲಿ ನಿಂತ ನೀರು. ನದಿ ಮಾಡುವ ಕೆಲಸವನ್ನು ನಾವು ಮಾಡಿಸಬೇಕು. ಗಾಳಿ ಪಂಪು ಆ ಕೆಲಸಕ್ಕೆ ಇದೆ. ಇಲ್ಲೊಂದು ತಮಾಷೆ ಗಮನಿಸಿ. ಗುಳ್ಳೆಯ ಒಳಗಿನ ಗಾಳಿಯೇ ನೀರಿಗೆ ಸೇರಿಬಿಡುತ್ತದೆ ಎಂದು ಬಹಳ ಜನ ತಿಳಿದಿದ್ದಾರೆ. ಗುಳ್ಳೆ ತಳದಿಂದ ಮೇಲೆ ಬರಲು ಒಂದೆರಡು ಸೆಕೆಂಡು ಸಾಕು. ಅಷ್ಟರಲ್ಲಿ ಕರಗುವ ಆಮ್ಲಜನಕ ಸ್ವಲ್ಪವೇ. ಗುಳ್ಳೆಗಳ ನಿಜವಾದ ಉಪಕಾರವೆಂದರೆ ತಳದ ನೀರನ್ನು ಮೇಲಕ್ಕೆ ಎತ್ತಿ, ಮೇಲ್ಮೈಯನ್ನು ಕಲಕುವುದು. ಆಮ್ಲಜನಕ ಹೆಚ್ಚಾಗಿ ಕರಗುವುದು ನೀರು ಗಾಳಿಗೆ ತಾಗುವ ಆ ಮೇಲ್ಮೈಯಲ್ಲಿ.

ಇನ್ನೊಂದು ಉಪಕರಣ ಸೋಸುಕ, ಅಂದರೆ ಫಿಲ್ಟರ್. ಅದರೊಳಗಿನ ಸ್ಪಂಜು ಕಸ ಹಿಡಿಯುತ್ತದೆ, ನಿಜ. ಆದರೆ ಅದಕ್ಕಿಂತ ದೊಡ್ಡ ಕೆಲಸ ಕಣ್ಣಿಗೆ ಕಾಣದು. ಮೀನು ಅಮೋನಿಯವನ್ನು ಹೊರಹಾಕುತ್ತದೆ. ಅದು ಮೀನಿಗೇ ವಿಷ. ಸ್ಪಂಜಿನ ಮೇಲೆ ನೆಲೆಸಿದ ಬ್ಯಾಕ್ಟೀರಿಯಗಳು ಅಮೋನಿಯವನ್ನು ನೈಟ್ರೈಟ್ ಆಗಿ, ಅದನ್ನು ಮತ್ತೆ ನೈಟ್ರೇಟ್ ಆಗಿ ಬದಲಾಯಿಸುತ್ತವೆ. ನೈಟ್ರೇಟ್ ಅಷ್ಟೊಂದು ಅಪಾಯಕಾರಿಯಲ್ಲ. ವಾರಕ್ಕೊಮ್ಮೆ ಸ್ವಲ್ಪ ನೀರು ಬದಲಾಯಿಸಿದರೆ ಹೋಗುತ್ತದೆ. ಈ ಬ್ಯಾಕ್ಟೀರಿಯಗಳಿಗೂ ಆಮ್ಲಜನಕ ಬೇಕು. ಸೋಸುಕದಲ್ಲಿ ನೀರು ಹರಿಯುತ್ತಿದ್ದರೆ ಮಾತ್ರ ಅವಕ್ಕೆ ಅದು ಸಿಗುತ್ತದೆ.

ಮೂರನೆಯದು ದೀಪ. ನಾಲ್ಕನೆಯದು ಹೀಟರ್. ಇವುಗಳ ವಿಚಾರ ಮುಂದೆ ಬರುತ್ತದೆ.

ಯೂನಿಟ್ ಎಂದರೆ ಎಷ್ಟು?

ಪಂಪಿನ ಮೇಲೆ 5 ವ್ಯಾಟ್, ಬಲ್ಬಿನ ಮೇಲೆ 9 ವ್ಯಾಟ್, ಮಿಕ್ಸಿಯ ಮೇಲೆ 500 ವ್ಯಾಟ್ ಎಂದು ಬರೆದಿರುತ್ತದೆ. ಒಂದು ಉಪಕರಣ ಎಷ್ಟು ವೇಗವಾಗಿ ವಿದ್ಯುತ್ ಶಕ್ತಿಯನ್ನು ಬಳಸುತ್ತದೆ ಎಂಬುದನ್ನು ವ್ಯಾಟ್ ಹೇಳುತ್ತದೆ. ಬಿಲ್ಲಿನಲ್ಲಿ ಬರುವುದು ಆ ವೇಗವಲ್ಲ, ಒಟ್ಟು ಬಳಕೆ. 1000 ವ್ಯಾಟ್‌ನ ಉಪಕರಣವೊಂದು 1 ಗಂಟೆ ಓಡಿದರೆ ಬಳಕೆಯಾಗುವ ಶಕ್ತಿ 1 ಯೂನಿಟ್. ಇದಕ್ಕೆ ಕಿಲೋವ್ಯಾಟ್-ಗಂಟೆ ಎಂಬ ಹೆಸರೂ ಇದೆ.

ಈಗ ಹೇಳಿ, ತಿಂಗಳಿಗೆ ಯಾವುದು ಹೆಚ್ಚು ಕರೆಂಟು ತಿನ್ನುತ್ತದೆ: ಮನೆಯೆಲ್ಲ ಅದುರುವಂತೆ ಗಡಗಡ ಎನ್ನುವ ಮಿಕ್ಸಿಯೋ, ಮೂಲೆಯಲ್ಲಿ ಸದ್ದಿಲ್ಲದೆ ಇರುವ ಮೀನಿನ ಪಂಪೋ?

ಮಿಕ್ಸಿ 500 ವ್ಯಾಟ್. ದಿನಕ್ಕೆ 10 ನಿಮಿಷ ಚಟ್ನಿ, ಮಸಾಲೆ ರುಬ್ಬಿದರೆ ತಿಂಗಳಿಗೆ 300 ನಿಮಿಷ, ಅಂದರೆ 5 ಗಂಟೆ. 500ನ್ನು 5ರಿಂದ ಗುಣಿಸಿದರೆ 2500 ವ್ಯಾಟ್-ಗಂಟೆ, ಎಂದರೆ ಎರಡೂವರೆ ಯೂನಿಟ್. ಪಂಪು ಬರೀ 5 ವ್ಯಾಟ್. ಆದರೆ ಅದು ದಿನಕ್ಕೆ 24 ಗಂಟೆ, ತಿಂಗಳಿಗೆ 720 ಗಂಟೆ ಓಡುತ್ತದೆ. 5ನ್ನು 720ರಿಂದ ಗುಣಿಸಿದರೆ 3600 ವ್ಯಾಟ್-ಗಂಟೆ, ಎಂದರೆ 3.6 ಯೂನಿಟ್. ಮಿಕ್ಸಿಯ ನೂರನೇ ಒಂದು ಭಾಗದಷ್ಟು ವ್ಯಾಟ್ ಇರುವ ಪಂಪು ಮಿಕ್ಸಿಯನ್ನೇ ಮೀರಿಸಿತು! ವ್ಯಾಟ್ ಒಂದನ್ನೇ ನೋಡಿದರೆ ಸಾಲದು. ಎಷ್ಟು ಹೊತ್ತು ಎಂಬುದನ್ನೂ ನೋಡಬೇಕು.

ಎರಡು ಮನೆ, ಎರಡು ತೊಟ್ಟಿ

ಲೆಕ್ಕಕ್ಕಾಗಿ ಎರಡು ಮನೆಗಳನ್ನು ಊಹಿಸಿಕೊಳ್ಳೋಣ. ಒಂದು ಶಿವಮೊಗ್ಗದ ದುರ್ಗಿಗುಡಿಯಲ್ಲಿ, ಇನ್ನೊಂದು ಭದ್ರಾವತಿಯ ಜನ್ನಾಪುರದಲ್ಲಿ ಇರಲಿ. ಎರಡೂ ಮನೆಯ ತೊಟ್ಟಿಗಳು ಒಂದೇ ಅಳತೆಯವು: 60 ಸೆಂಟಿಮೀಟರ್ ಉದ್ದ, 30 ಅಗಲ, ನೀರಿನ ಎತ್ತರವೂ 30. ಗುಣಿಸಿ ನೋಡಿ, 54,000 ಘನ ಸೆಂಟಿಮೀಟರ್ ಬರುತ್ತದೆ. ಅಂದರೆ 54 ಲೀಟರ್ ನೀರು.

ದುರ್ಗಿಗುಡಿಯ ಮನೆಯವರು 5 ವ್ಯಾಟ್‌ನ ಗಾಳಿ ಪಂಪು ಇಟ್ಟು, ಅದರಿಂದಲೇ ಒಂದು ಸ್ಪಂಜಿನ ಸೋಸುಕವನ್ನು ನಡೆಸುತ್ತಾರೆ. 10 ವ್ಯಾಟ್‌ನ ಎಲ್‌ಇಡಿ ದೀಪವನ್ನು ದಿನಕ್ಕೆ 8 ಗಂಟೆ ಹಚ್ಚುತ್ತಾರೆ. ಹೀಟರ್ ಇಲ್ಲ. ಪಂಪಿಗೆ ದಿನಕ್ಕೆ 120, ದೀಪಕ್ಕೆ 80, ಒಟ್ಟು 200 ವ್ಯಾಟ್-ಗಂಟೆ. ತಿಂಗಳಿಗೆ 6 ಯೂನಿಟ್.

ಜನ್ನಾಪುರದ ಮನೆಯಲ್ಲಿ ನೀರಿನೊಳಗೆ ಮುಳುಗಿಸುವ 15 ವ್ಯಾಟ್‌ನ ಸೋಸುಕ ಪಂಪಿದೆ. ದೀಪ ಹಳೆಯ ಕಾಲದ ಟ್ಯೂಬು, ಚೋಕಿನ ಪಾಲೂ ಸೇರಿ 25 ವ್ಯಾಟ್. ಬೆಳಿಗ್ಗೆ ಹಾಕಿದರೆ 12 ಗಂಟೆ ಉರಿಯುತ್ತದೆ. ಚಳಿಗಾಲದಲ್ಲಿ 50 ವ್ಯಾಟ್‌ನ ಹೀಟರ್ ಹಾಕುತ್ತಾರೆ. ಅದು ತಾನಾಗಿ ಹತ್ತಿ ಆರುತ್ತ, ದಿನದಲ್ಲಿ ಒಟ್ಟು 12 ಗಂಟೆ ಉರಿಯುತ್ತದೆ ಎಂದಿಟ್ಟುಕೊಳ್ಳಿ. ಪಂಪಿಗೆ 360, ದೀಪಕ್ಕೆ 300, ಹೀಟರಿಗೆ 600. ಒಟ್ಟು ದಿನಕ್ಕೆ 1260 ವ್ಯಾಟ್-ಗಂಟೆ, ತಿಂಗಳಿಗೆ 37.8 ಯೂನಿಟ್.

ಮೀನು ಅಷ್ಟೇ, ನೀರೂ ಅಷ್ಟೇ. ಖರ್ಚು ಮಾತ್ರ ಆರು ಪಟ್ಟಿಗಿಂತ ಹೆಚ್ಚು. ಇದರಲ್ಲಿ ದೊಡ್ಡ ಪಾಲು ಹೀಟರಿನದು. ಹೀಟರ್ ತೆಗೆದುಹಾಕಿದರೆ 37.8 ಯೂನಿಟ್ ಎನ್ನುವುದು 19.8ಕ್ಕೆ ಇಳಿಯುತ್ತದೆ.

ನಮ್ಮ ಊರಿನಲ್ಲಿ ಹೀಟರ್ ಬೇಕೆ?

ಒಂದು ಲೀಟರ್ ನೀರನ್ನು 1 ಡಿಗ್ರಿ ಸೆಲ್ಸಿಯಸ್ ಬಿಸಿ ಮಾಡಲು ಸುಮಾರು 4200 ಜೂಲ್ ಶಕ್ತಿ ಬೇಕು. 54 ಲೀಟರ್ ನೀರನ್ನು 22ರಿಂದ 26 ಡಿಗ್ರಿಗೆ ಏರಿಸಲು 54 × 4200 × 4, ಅಂದರೆ 9,07,200 ಜೂಲ್. ಒಂದು ಯೂನಿಟ್‌ನಲ್ಲಿ 36 ಲಕ್ಷ ಜೂಲ್ ಇರುತ್ತದೆ. ಆದ್ದರಿಂದ ಇದಕ್ಕೆ ಬೇಕಾದದ್ದು ಕಾಲು ಯೂನಿಟ್ ಮಾತ್ರ. ಇಷ್ಟೇ ತಾನೆ ಎನ್ನಬೇಡಿ. ಬಿಸಿಯಾದ ನೀರು ಗಾಜಿನ ಮೂಲಕ, ಮೇಲ್ಮೈಯಿಂದ ಆವಿಯ ಮೂಲಕ ಉಷ್ಣವನ್ನು ಕೋಣೆಗೆ ಬಿಟ್ಟುಕೊಡುತ್ತಲೇ ಇರುತ್ತದೆ. ಹೋದಷ್ಟನ್ನು ಹೀಟರ್ ತುಂಬುತ್ತಲೇ ಇರಬೇಕು. ಖರ್ಚಾಗುವುದು ನೀರನ್ನು ಬಿಸಿ ಮಾಡುವುದಕ್ಕಲ್ಲ, ಬಿಸಿಯಾಗಿಯೇ ಇಡುವುದಕ್ಕೆ. ತೂತಿರುವ ಬಿಂದಿಗೆಗೆ ನೀರು ತುಂಬಿದ ಹಾಗೆ. ತೊಟ್ಟಿಗೆ ಒಂದು ಮುಚ್ಚಳ ಹಾಕಿದರೂ ಈ ಸೋರಿಕೆ ಎಷ್ಟೋ ಕಡಿಮೆಯಾಗುತ್ತದೆ. ಆದರೆ ಗಾಳಿಯಾಡಲು ಸಂದು ಬಿಡಬೇಕು.

ಯೂರೋಪಿನಂತಹ ಚಳಿ ದೇಶಗಳಲ್ಲಿ ಉಷ್ಣವಲಯದ ಮೀನು ಸಾಕುವವರಿಗೆ ಹೀಟರ್ ಇಲ್ಲದೆ ಸಾಗದು. ಅಲ್ಲಿ ಬರೆದ ಪುಸ್ತಕ ನೋಡಿ ನಾವೂ ಹೀಟರ್ ಕೊಳ್ಳುತ್ತೇವೆ. ಶಿವಮೊಗ್ಗ, ಭದ್ರಾವತಿಯಲ್ಲಿ ಡಿಸೆಂಬರ್, ಜನವರಿಯ ರಾತ್ರಿ ಹೊರಗೆ 15 ಡಿಗ್ರಿಯ ಆಸುಪಾಸಿಗೆ ಇಳಿಯುವುದುಂಟು. ಮನೆಯೊಳಗಿನ ತೊಟ್ಟಿಯ ನೀರು ಅಷ್ಟು ಬೇಗ ತಣ್ಣಗಾಗುವುದಿಲ್ಲ. ಉಳಿದ ತಿಂಗಳುಗಳಲ್ಲಂತೂ ಚಳಿಯ ಮಾತೇ ಇಲ್ಲ. ಚಿನ್ನದ ಮೀನು ಚೀನಾ ದೇಶದ ಗೆಂಡೆ ಜಾತಿಯಿಂದ ಬಂದದ್ದು, ತಂಪು ನೀರೇ ಅದಕ್ಕೆ ಹಿತ. ಅದಕ್ಕೆ ಹೀಟರ್ ಹಾಕುವುದು ಏಪ್ರಿಲ್‌ನಲ್ಲಿ ಅಜ್ಜನಿಗೆ ಕಂಬಳಿ ಹೊದಿಸಿದಂತೆ. ಗಪ್ಪಿ, ಮೋಲಿ ಮೀನುಗಳಿಗೂ ನಮ್ಮ ಕೋಣೆಯ ತಾಪ ಸಾಮಾನ್ಯವಾಗಿ ಸಾಕು. ಥರ್ಮಾಮೀಟರ್ ಒಂದನ್ನು ತೊಟ್ಟಿಗೆ ಇಳಿಬಿಟ್ಟು ಚಳಿಗಾಲದ ಒಂದು ವಾರ ಬೆಳಗಿನ ಜಾವ ನೋಡಿ ಬರೆದಿಡಿ. ಆಮೇಲೆ ಹೀಟರ್ ಬೇಕೋ ಬೇಡವೋ ತೀರ್ಮಾನಿಸಿ. ಅಂಗಡಿಯವರು ಕೊಟ್ಟರೆಂದು ತರುವುದು ಬೇಡ.

ನಮ್ಮ ಕಡೆ ಭಯಪಡಬೇಕಾದದ್ದು ಚಳಿಗಲ್ಲ, ಬೇಸಿಗೆಗೆ. ನೀರು ಬಿಸಿಯಾದಷ್ಟೂ ಅದರಲ್ಲಿ ಕರಗಿರುವ ಆಮ್ಲಜನಕ ಕಡಿಮೆಯಾಗುತ್ತದೆ. 20 ಡಿಗ್ರಿಯ ಒಂದು ಲೀಟರ್ ನೀರು ಹೆಚ್ಚೆಂದರೆ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡಿದಿಡಬಲ್ಲದು. 30 ಡಿಗ್ರಿಯಲ್ಲಿ ಸುಮಾರು ಏಳೂವರೆ ಮಾತ್ರ. ಇತ್ತ ಬಿಸಿ ನೀರಿನಲ್ಲಿ ಮೀನಿನ ದೇಹದ ಕ್ರಿಯೆಗಳು ಚುರುಕಾಗಿ ಅದಕ್ಕೆ ಹೆಚ್ಚು ಆಮ್ಲಜನಕ ಬೇಕಾಗುತ್ತದೆ. ಬೇಡಿಕೆ ಏರಿತು, ಸರಬರಾಜು ಇಳಿಯಿತು. ಇಂಥ ಮಧ್ಯಾಹ್ನ ಕರೆಂಟು ಹೋದರೆ ಮೀನುಗಳು ಮೇಲೆ ಬಂದು ಬಾಯಿ ತೆರೆಯತೊಡಗುತ್ತವೆ. ಅವು ಆಟವಾಡುತ್ತಿಲ್ಲ, ಉಸಿರಿಗೆ ಒದ್ದಾಡುತ್ತಿವೆ. ಕೂಡಲೇ ಒಂದು ಚೊಂಬಿನಲ್ಲಿ ತೊಟ್ಟಿಯ ನೀರನ್ನೇ ತುಂಬಿ, ಒಂದು ಗೇಣು ಎತ್ತರದಿಂದ ಮತ್ತೆ ತೊಟ್ಟಿಗೆ ಸುರಿಯಿರಿ. ಐದು ನಿಮಿಷ ಹೀಗೆ ಮಾಡಿ, ಸ್ವಲ್ಪ ಬಿಟ್ಟು ಮತ್ತೆ ಮಾಡಿ. ತುಂಗೆ ಬಂಡೆಗಳ ಮೇಲೆ ಮಾಡುವುದು ಇದನ್ನೇ.

ಬಿಲ್ಲು ಸೊನ್ನೆ ಬಂದರೆ?

ನಿಮ್ಮಲ್ಲಿ ಕೆಲವರು ಆಗಲೇ ಮನಸ್ಸಿನಲ್ಲಿ ಅಂದುಕೊಂಡಿರಬಹುದು: ನಮ್ಮ ಮನೆಗೆ ಕರೆಂಟು ಬಿಲ್ಲೇ ಬರುವುದಿಲ್ಲವಲ್ಲ! ಕರ್ನಾಟಕದಲ್ಲಿ 2023ರಲ್ಲಿ ಗೃಹಜ್ಯೋತಿ ಯೋಜನೆ ಜಾರಿಗೆ ಬಂದಿತು. ಆದರೆ ಅದರ ನಿಯಮ ಕೇಳಿಸಿಕೊಳ್ಳಿ. 2022-23ನೇ ಸಾಲಿನಲ್ಲಿ ಮನೆಯೊಂದು ತಿಂಗಳಿಗೆ ಸರಾಸರಿ ಎಷ್ಟು ಯೂನಿಟ್ ಬಳಸಿತ್ತೋ ಅದಕ್ಕೆ ಶೇಕಡ 10 ಸೇರಿಸಿ ಆ ಮನೆಯ ಉಚಿತ ಮಿತಿಯನ್ನು ಗೊತ್ತುಮಾಡಿದರು. ಬಹಳ ಕಡಿಮೆ ಬಳಸುವ ಮನೆಗಳಿಗೆ ಶೇಕಡ 10ರ ಬದಲು 10 ಯೂನಿಟ್ ಸೇರಿಸುವ ಬದಲಾವಣೆ 2024ರಲ್ಲಿ ಆಯಿತು. ಮಿತಿ ದಾಟಿದರೆ ಹೆಚ್ಚಾದ ಯೂನಿಟ್‌ಗೆ ಹಣ ಕೊಡಬೇಕು. ಬಳಕೆ 200 ಯೂನಿಟ್ ದಾಟಿದರೆ ಇಡೀ ಬಿಲ್ಲನ್ನೇ ಕಟ್ಟಬೇಕು.

ಸರಾಸರಿ 60 ಯೂನಿಟ್ ಬಳಸುತ್ತಿದ್ದ ಮನೆಯ ಮಿತಿ 66. ದುರ್ಗಿಗುಡಿಯ ತೊಟ್ಟಿ ಆ ಮನೆಗೆ ಬಂದರೆ 60 ಮತ್ತು 6 ಸೇರಿ ಸರಿಯಾಗಿ 66. ಬಿಲ್ಲು ಸೊನ್ನೆ. ಆದರೆ ಹಬ್ಬಕ್ಕೆ ನೆಂಟರು ಬಂದ ತಿಂಗಳು ಮಿತಿ ದಾಟುವುದು ಖಂಡಿತ. ಜನ್ನಾಪುರದ ತೊಟ್ಟಿ ಬಂದರೆ ಬಳಕೆ 97.8. ಮಿತಿ ಮೀರಿದ್ದು 31.8 ಯೂನಿಟ್. ಯೂನಿಟ್‌ಗೆ 6 ರೂಪಾಯಿ ಎಂದು ಹಿಡಿದರೂ ಸುಮಾರು 191 ರೂಪಾಯಿ. (ಸರಿಯಾದ ದರವನ್ನು ನಿಮ್ಮ ಮನೆಯ ಮೆಸ್ಕಾಂ ಬಿಲ್ಲಿನಲ್ಲಿಯೇ ನೋಡಿಕೊಳ್ಳಿ. ದರ ಆಗಾಗ ಬದಲಾಗುತ್ತದೆ.)

ಇನ್ನು 195 ಯೂನಿಟ್ ಬಳಸಿಯೂ ಮಿತಿಯೊಳಗೇ ಇರುವ ಮನೆ ಇದೆ ಎನ್ನಿ. ಅಲ್ಲಿಗೆ ಬರೀ 6 ಯೂನಿಟ್‌ನ ಸಣ್ಣ ತೊಟ್ಟಿ ಬಂದರೆ 201. ಆಗ 201 ಯೂನಿಟ್‌ಗೂ ಹಣ: 1206 ರೂಪಾಯಿ. ಆ ಮನೆಯ ಮೀನಿಗಿಂತ ದುಬಾರಿ ಮೀನು ಇನ್ನೆಲ್ಲಿದೆ!

ಒಂದು ಯೂನಿಟ್‌ಗೆ ಎಷ್ಟು ನೀರು?

ಬಿಲ್ಲು ಸೊನ್ನೆ ಬಂದರೂ ವಿದ್ಯುತ್ತು ಸೊನ್ನೆಯಿಂದ ಬರುವುದಿಲ್ಲ. ನಮ್ಮ ಜಿಲ್ಲೆಯಲ್ಲಿಯೇ ಅದು ಹುಟ್ಟುವ ಜಾಗಗಳಿವೆ. ಜೋಗದ ವಿದ್ಯುದಾಗಾರ 1948ರಲ್ಲಿ ಶುರುವಾಯಿತು. ಇಂದು ಅದರ ಹೆಸರು ಮಹಾತ್ಮಾ ಗಾಂಧಿ ಜಲವಿದ್ಯುದಾಗಾರ. ಆಮೇಲೆ 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಬಂದಿತು. ಅಲ್ಲಿನ ನೀರು ತಳಕಳಲೆ ಜಲಾಶಯಕ್ಕೆ ಬಂದು, ಅಲ್ಲಿಂದ ದೊಡ್ಡ ಕೊಳವೆಗಳಲ್ಲಿ ಸುಮಾರು 440 ಮೀಟರ್ ಕೆಳಕ್ಕೆ ಧುಮುಕಿ ಶರಾವತಿ ವಿದ್ಯುದಾಗಾರದ 10 ಯಂತ್ರಗಳನ್ನು ತಿರುಗಿಸುತ್ತದೆ. ಅದರ ಸಾಮರ್ಥ್ಯ 1035 ಮೆಗಾವ್ಯಾಟ್.

ಒಂದು ಸಾವಿರ ಲೀಟರ್ ನೀರು 440 ಮೀಟರ್ ಬಿದ್ದರೆ ಸಿಗುವ ಶಕ್ತಿ ಎಷ್ಟು? ನೀರಿನ ತೂಕ 1000 ಕಿಲೋಗ್ರಾಂ. ಅದನ್ನು 9.8ರಿಂದ, ಮತ್ತೆ 440ರಿಂದ ಗುಣಿಸಿ. (9.8 ಏಕೆ ಎಂಬುದನ್ನು ಹೈಸ್ಕೂಲಿನಲ್ಲಿ ಕಲಿಯುತ್ತೀರಿ. ಭೂಮಿ ಎಳೆಯುವ ಬಲಕ್ಕೆ ಸಂಬಂಧಿಸಿದ ಸಂಖ್ಯೆ ಅದು.) ಉತ್ತರ 43,12,000 ಜೂಲ್. ಅಂದರೆ 1.2 ಯೂನಿಟ್. ಕೊಳವೆಯಲ್ಲಿ, ಯಂತ್ರದಲ್ಲಿ, ತಂತಿಯಲ್ಲಿ ಸ್ವಲ್ಪ ನಷ್ಟವಾಗಿ ಮನೆಗೆ ತಲುಪುವಾಗ ಸುಮಾರು 1 ಯೂನಿಟ್ ಉಳಿಯುತ್ತದೆ.

ಹಾಗಾದರೆ ಶರಾವತಿಯ ಕರೆಂಟಿನಲ್ಲಿ ಒಂದು ಯೂನಿಟ್ ಎಂದರೆ ಸುಮಾರು ಸಾವಿರ ಲೀಟರ್ ನೀರು. ದುರ್ಗಿಗುಡಿಯ 54 ಲೀಟರಿನ ತೊಟ್ಟಿಯನ್ನು ಒಂದು ತಿಂಗಳು ನಡೆಸಲು 6000 ಲೀಟರ್ ನೀರು ಬೆಟ್ಟದಿಂದ ಇಳಿಯಬೇಕು. ಆ ತೊಟ್ಟಿಯನ್ನು ಅಷ್ಟು ನೀರಿನಿಂದ 111 ಸಲ ತುಂಬಬಹುದು. ಜನ್ನಾಪುರದ ತೊಟ್ಟಿಗೆ 37,800 ಲೀಟರ್, ಅಂದರೆ 700 ತೊಟ್ಟಿ ನೀರು!

ಇದು ಲೆಕ್ಕದ ಸುಲಭಕ್ಕೆ ಹೇಳಿದ್ದು. ನಿಮ್ಮ ಮನೆಯ ತಂತಿಯಲ್ಲಿ ಶರಾವತಿಯ ವಿದ್ಯುತ್ತೊಂದೇ ಹರಿಯುವುದಿಲ್ಲ. ರಾಯಚೂರು, ಬಳ್ಳಾರಿಯ ಕಲ್ಲಿದ್ದಲು ಸ್ಥಾವರಗಳದು, ಗಾಳಿಯಂತ್ರಗಳದು, ಸೌರ ಫಲಕಗಳದು ಎಲ್ಲವೂ ಒಂದೇ ಜಾಲಕ್ಕೆ ಬಂದು ಬೆರೆಯುತ್ತವೆ. ಕಲ್ಲಿದ್ದಲಿನಿಂದಾದ ಒಂದು ಯೂನಿಟ್‌ಗೆ ಅರ್ಧ ಕಿಲೋಗ್ರಾಮಿಗಿಂತ ಹೆಚ್ಚು ಕಲ್ಲಿದ್ದಲು ಉರಿಯಬೇಕು. ಶರಾವತಿಯ ನೀರೇನೂ ಪುಕ್ಕಟೆ ಸಿಕ್ಕಿದ್ದಲ್ಲ. ಲಿಂಗನಮಕ್ಕಿಯ ಹಿನ್ನೀರಿನಲ್ಲಿ ಊರುಗಳೂ ಗದ್ದೆಗಳೂ ಮುಳುಗಿ ಸಾವಿರಾರು ಕುಟುಂಬಗಳು ಎದ್ದು ಬೇರೆ ಕಡೆಗೆ ಹೋಗಬೇಕಾಯಿತು. ನಮ್ಮ ಜಿಲ್ಲೆಯಲ್ಲಿ 'ಮುಳುಗಡೆಯವರು' ಎಂಬ ಮಾತು ಇಂದಿಗೂ ಉಳಿದಿದೆ. ನಿಮ್ಮ ತರಗತಿಯಲ್ಲಿಯೇ ಅಂಥ ಮನೆಯ ಮಕ್ಕಳು ಇರಬಹುದು. ಅವರ ಅಜ್ಜಿಯನ್ನು ಕೇಳಿ ನೋಡಿ.

ಎಲ್ಲಿ ಉಳಿಸಬಹುದು, ಎಲ್ಲಿ ಬಾರದು?

ರಾತ್ರಿ ಮಲಗುವಾಗ ಫ್ಯಾನು, ಟಿ.ವಿ. ಆರಿಸುವಂತೆ ಮೀನಿನ ಪಂಪನ್ನೂ ಆರಿಸಿದರೆ ಹೇಗೆ? ಇದು ಒಳ್ಳೆಯ ಮಕ್ಕಳು ಮಾಡುವ ಕೆಟ್ಟ ಕೆಲಸ. ರಾತ್ರಿ ತೊಟ್ಟಿಯ ಗಿಡಗಳೂ ಆಮ್ಲಜನಕ ಬಿಡುವುದನ್ನು ನಿಲ್ಲಿಸಿ, ಮೀನಿನಂತೆ ಅದನ್ನು ಹೀರತೊಡಗುತ್ತವೆ. ಸೋಸುಕ ನಿಂತರೆ ಅದರ ಬ್ಯಾಕ್ಟೀರಿಯಗಳೂ ಉಸಿರುಗಟ್ಟುತ್ತವೆ. ಮೀನು ಕಿಕ್ಕಿರಿದ ತೊಟ್ಟಿಯಾದರೆ ಬೆಳಗಾಗುವುದರೊಳಗೆ ಅನಾಹುತವಾಗುತ್ತದೆ. ಪಂಪು ಓಡಲಿ.

ದೀಪದಲ್ಲಿ ಧಾರಾಳವಾಗಿ ಉಳಿಸಬಹುದು. ದೀಪ ಬೇಕಿರುವುದು ನಮ್ಮ ಕಣ್ಣಿಗೆ ಮತ್ತು ಗಿಡಗಳಿಗೆ. ಎಂಟು ಗಂಟೆಗಿಂತ ಹೆಚ್ಚು ಉರಿಸಿದರೆ ಬೆಳೆಯುವುದು ಪಾಚಿ. ಆ ಪಾಚಿಯನ್ನು ಉಜ್ಜಿ ತೆಗೆಯುವವರೂ ನೀವೇ. ಜನ್ನಾಪುರದ ಮನೆಯವರು ಹಳೆಯ ಟ್ಯೂಬಿನ ಬದಲು 10 ವ್ಯಾಟ್‌ನ ಎಲ್‌ಇಡಿ ಹಾಕಿ 8 ಗಂಟೆ ಉರಿಸಿದರೆ ತಿಂಗಳಿಗೆ 6.6 ಯೂನಿಟ್ ಉಳಿಯುತ್ತದೆ. ದುರ್ಗಿಗುಡಿಯ ಇಡೀ ತೊಟ್ಟಿಯ ಖರ್ಚಿಗಿಂತ ಹೆಚ್ಚು!

ಇನ್ನು ಗುಂಡನೆಯ ಗಾಜಿನ ಬೋಗುಣಿ. ಅದಕ್ಕೆ ಪಂಪಿಲ್ಲ, ದೀಪವಿಲ್ಲ, ಕರೆಂಟಿನ ಖರ್ಚು ಸೊನ್ನೆ. ನೋಡಲು ಚೆಂದ. ಆದರೆ ಕಂಠದವರೆಗೆ ನೀರು ತುಂಬಿದರೆ ಗಾಳಿ ತಾಗುವ ಮೇಲ್ಮೈ ಒಂದು ತಟ್ಟೆಯಷ್ಟೂ ಇರುವುದಿಲ್ಲ. ಕರೆಂಟು ಉಳಿಯಿತು, ಮೀನು ಉಳಿಯಲಿಲ್ಲ. ನನ್ನ ಮಾತು ಕೇಳುವುದಾದರೆ ಅದನ್ನು ತರಬೇಡಿ.

ಕರೆಂಟೇ ಇಲ್ಲದೆ ಮೀನು ಸಾಕಬೇಕೆಂದರೆ ದಾರಿ ಬೇರೆ. ಆಳ ಕಡಿಮೆ, ಅಗಲ ಹೆಚ್ಚು ಇರುವ ಸಿಮೆಂಟ್ ತೊಟ್ಟಿ, ಅರೆನೆರಳು, ನೀರಿನ ಗಿಡಗಳು, ಕೆಲವೇ ಗಪ್ಪಿ ಮೀನುಗಳು. ಶಾಲೆಯ ಅಂಗಳಕ್ಕೆ ಇದು ಬಹಳ ಚೆನ್ನಾಗಿ ಒಪ್ಪುತ್ತದೆ. ಗಪ್ಪಿ ಸೊಳ್ಳೆಯ ಮರಿಗಳನ್ನು ತಿನ್ನುತ್ತದೆಂದು ಆರೋಗ್ಯ ಇಲಾಖೆಯವರೂ ಅದನ್ನು ತೊಟ್ಟಿ, ಬಾವಿಗಳಿಗೆ ಬಿಡುವುದುಂಟು. ನಲ್ಲಿ ನೀರು ತುಂಬುವುದಾದರೆ ಒಂದು ದಿನ ತೆರೆದ ಪಾತ್ರೆಯಲ್ಲಿ ಇಟ್ಟು, ಕ್ಲೋರಿನ್ ಹಾರಿಹೋದ ಮೇಲೆ ಹಾಕಿ. ಸಾಕಿ ಬೇಸರವಾಯಿತೆಂದು ಅಂಗಡಿಯ ಮೀನನ್ನು ತುಂಗೆಗೋ ಭದ್ರೆಗೋ ಊರ ಕೆರೆಗೋ ಮಾತ್ರ ಬಿಡಬೇಡಿ. ಹೊರದೇಶದ ಮೀನುಗಳು ನಮ್ಮ ಮೀನುಗಳ ಆಹಾರವನ್ನೂ ಜಾಗವನ್ನೂ ಕಿತ್ತುಕೊಳ್ಳುತ್ತವೆ.

ಮಾಡಿ ನೋಡಿ

ಮನೆಯ ಡಿಜಿಟಲ್ ಮೀಟರಿನಲ್ಲಿ ಒಂದು ಚಿಕ್ಕ ಕೆಂಪು ದೀಪ ಮಿನುಗುತ್ತಿರುತ್ತದೆ. ಒಂದು ಯೂನಿಟ್‌ಗೆ ಅದು ಎಷ್ಟು ಸಲ ಮಿನುಗುತ್ತದೆ ಎಂದು ಮೀಟರಿನ ಮೇಲೆಯೇ ಇಂಗ್ಲಿಷಿನಲ್ಲಿ ಬರೆದಿರುತ್ತದೆ. ಹಲವು ಮೀಟರ್‌ಗಳಲ್ಲಿ ಅದು 3200. ದೊಡ್ಡವರೊಬ್ಬರನ್ನು ಜೊತೆಗೆ ಕರೆದುಕೊಳ್ಳಿ. ಮೀಟರನ್ನು ಮುಟ್ಟಬೇಡಿ, ದೂರದಿಂದ ನೋಡಿದರೆ ಸಾಕು. ಮನೆಯ ಎಲ್ಲ ಸ್ವಿಚ್ಚುಗಳನ್ನೂ ಫ್ರಿಜ್ಜನ್ನೂ ಸ್ವಲ್ಪ ಹೊತ್ತು ಆರಿಸಿ, ಮೀನುತೊಟ್ಟಿಯನ್ನು ಮಾತ್ರ ಓಡಲು ಬಿಡಿ. ಒಂದು ಮಿನುಗಿನಿಂದ ಮುಂದಿನ ಮಿನುಗಿಗೆ ಎಷ್ಟು ಸೆಕೆಂಡು ಎಂದು ಎಣಿಸಿ. 1125ನ್ನು ಆ ಸಂಖ್ಯೆಯಿಂದ ಭಾಗಿಸಿ. ಬರುವ ಉತ್ತರವೇ ವ್ಯಾಟ್. (36 ಲಕ್ಷವನ್ನು 3200ರಿಂದ ಭಾಗಿಸಿದರೆ 1125 ಬರುತ್ತದೆ. ನಿಮ್ಮ ಮೀಟರಿನಲ್ಲಿ ಬೇರೆ ಸಂಖ್ಯೆಯಿದ್ದರೆ ಅದರಿಂದ ಭಾಗಿಸಿಕೊಳ್ಳಿ.) ಮಿನುಗಿಗೆ 225 ಸೆಕೆಂಡು ಬೇಕಾದರೆ 5 ವ್ಯಾಟ್. ಹನ್ನೆರಡೂವರೆ ಸೆಕೆಂಡಿಗೇ ಮಿನುಗಿದರೆ 90 ವ್ಯಾಟ್. ಜನ್ನಾಪುರದ ತೊಟ್ಟಿಯ ಪಂಪು, ದೀಪ, ಹೀಟರ್ ಮೂರೂ ಒಟ್ಟಿಗೆ ಉರಿಯುವಾಗ ಹಾಗೆ ಆಗುತ್ತದೆ.

ಮೀನುತೊಟ್ಟಿ ಇಲ್ಲದವರು ಮೊಬೈಲ್ ಚಾರ್ಜರ್, ಫ್ಯಾನು, ಬಲ್ಬುಗಳನ್ನು ಹೀಗೆಯೇ ಅಳೆಯಬಹುದು. ತೊಟ್ಟಿ ಇರುವವರು ನೀರಿಗೆ ಕೈ ಹಾಕುವ ಮೊದಲು ಪ್ಲಗ್ಗನ್ನು ಕಿತ್ತಿಡಬೇಕು. ಪಂಪಿನ ತಂತಿ ಪ್ಲಗ್ಗಿಗಿಂತ ಕೆಳಕ್ಕೆ ಜೋತುಬಿದ್ದು ಆಮೇಲೆ ಮೇಲೇರುವಂತಿರಲಿ. ಆಗ ತಂತಿಯ ಗುಂಟ ಇಳಿಯುವ ನೀರು ಪ್ಲಗ್ಗಿಗೆ ಹೋಗದೆ ನೆಲಕ್ಕೆ ತೊಟ್ಟಿಕ್ಕುತ್ತದೆ.

ಲೆಕ್ಕಗಳು

1. ನಿಮ್ಮ ಶಾಲೆಯ ಗಡಿಯಾರದಂತೆ ವರ್ಷವಿಡೀ, 365 ದಿನವೂ ಓಡುವ 5 ವ್ಯಾಟ್‌ನ ಪಂಪು ಎಷ್ಟು ಯೂನಿಟ್ ಬಳಸುತ್ತದೆ?

2. ಜನ್ನಾಪುರದ ಮನೆಯವರು ಹೀಟರ್ ತೆಗೆದು, ದೀಪವನ್ನೂ ಮೇಲೆ ಹೇಳಿದಂತೆ ಬದಲಾಯಿಸಿದರು. ತಿಂಗಳ ಬಳಕೆ ಈಗ ಎಷ್ಟು? ಅದು ಶರಾವತಿಯ ಎಷ್ಟು ಲೀಟರ್ ನೀರು?

3. ಒಂದೇ 54 ಲೀಟರ್ ನೀರನ್ನು ಎರಡು ಬಗೆಯ ತೊಟ್ಟಿಯಲ್ಲಿ ತುಂಬಿದೆ. ಒಂದರ ತಳ 60 × 30 ಸೆಂಟಿಮೀಟರ್, ಇನ್ನೊಂದರದು 30 × 30. ನೀರು ಗಾಳಿಗೆ ತಾಗುವ ಮೇಲ್ಮೈ ಯಾವುದರಲ್ಲಿ ಹೆಚ್ಚು, ಎಷ್ಟು ಪಟ್ಟು? ಕರೆಂಟು ಹೋದಾಗ ನೀವು ಯಾವ ತೊಟ್ಟಿಯ ಮೀನಾಗಿರಲು ಬಯಸುತ್ತೀರಿ?

(ಉತ್ತರ: 1. 43.8 ಯೂನಿಟ್. 2. 13.2 ಯೂನಿಟ್, ಸುಮಾರು 13,200 ಲೀಟರ್. 3. ಮೊದಲನೆಯದರಲ್ಲಿ, ಎರಡು ಪಟ್ಟು. ಕೊನೆಯ ಪ್ರಶ್ನೆಗೆ ನೀವೇ ಉತ್ತರ ಬರೆಯಿರಿ.)